ಹಸಿರು ಗೋಡೆಯ ಮಲ್ಲಿಗೆ

ಬೆಳಿಗ್ಗೆ ಬಾಗಿಲು ತೆಗೆದಾಗ ಧನ್ಯಾಳಿಗೆ ಮೊದಲು ಕಂಡದ್ದು ಮಾವನ ಚಪ್ಪಲಿ. ಒಂದೇ ಚಪ್ಪಲಿ, ನೀರಿನಲ್ಲಿ ತಿರುಗುತ್ತ ತಿರುಗುತ್ತ ತುಳಸಿಕಟ್ಟೆಯ ಕಡೆ ಹೊರಟಿತ್ತು. ಅಂಗಳವೆಂಬುದೇ ಉಳಿದಿರಲಿಲ್ಲ. ಮೆಟ್ಟಿಲಿನಿಂದ ಹಿಡಿದು ಆಚೆ ಗದ್ದೆಯವರೆಗೂ ಹಾಲು ಕಡಿಮೆಯಾದ ಚಹಾದಂಥ ನೀರು. ಹಿಂದಿನ ದಿನವಿಡೀ ಗಾಳಿ, ಮಳೆ. ಹೊಳೆಯ ನೀರು ಸಮುದ್ರ ಸೇರಬೇಕಾದ ಹೊತ್ತಿಗೇ ಸಮುದ್ರದಲ್ಲಿ ಭರತದ ಉಬ್ಬರ. ಮುಂದೆ ಹೋಗಲು ದಾರಿಯಿಲ್ಲದ ಹೊಳೆ ಶಿರಾಲಿಯ ತಗ್ಗಿನ ಹಿತ್ತಲುಗಳಿಗೆಲ್ಲ ನುಗ್ಗಿತ್ತು.

ಅವಳು ಕೂಗಿ ಕರೆಯುವ ಮೊದಲೇ ಅತ್ತೆ ಗಂಗಿ ಸೀರೆಯನ್ನು ಮೊಣಕಾಲಿನ ಮೇಲಕ್ಕೆ ಸಿಕ್ಕಿಸಿಕೊಂಡು ಹಿಂದಿನ ಬಾಗಿಲಿನಿಂದ ನೀರಿಗಿಳಿದಾಗಿತ್ತು.

"ಅತ್ತೆ, ಹಾವು ಗೀವು ಇರ್ತದೆ, ಇಳೀಬೇಡಿ!"

"ಹಾವಿಗೂ ಈಗ ಅದರ ಜೀವದ್ದೇ ಚಿಂತೆ. ನೀ ಮೊದ್ಲು ಗುದ್ದಲಿ ಕೊಡು."

ಗಂಗಿಯ ಹಿತ್ತಲಿನಲ್ಲಿದ್ದದ್ದು ಮಲ್ಲಿಗೆ. ಗದ್ದೆಯ ಅಂಚಿಗೊಂದು ಸಾಲು, ಮನೆಯ ಗೋಡೆಯ ಮಗ್ಗುಲಿಗೊಂದು ಸಾಲು, ನಡುವೆ ಇನ್ನೊಂದು. ಜೊತೆಗೆ ಅಬ್ಬಲಿಗೆ, ದಾಸವಾಳ, ಮೂಲೆಯಲ್ಲಿ ಒಂದು ಸಂಪಿಗೆ ಮರ. ಬಾವಿಯ ಹತ್ತಿರ ಒಂಟಿಯಾಗಿ ನಿಂತ ಹಳೇ ಮಲ್ಲಿಗೆ ಗಿಡವೊಂದಿತ್ತು. ಗಂಗಿ ಮದುವೆಯಾಗಿ ಬಂದ ವರ್ಷ ನೆಟ್ಟದ್ದು. ಹಿತ್ತಲಿನ ಉಳಿದ ಗಿಡಗಳೆಲ್ಲ ಅದರ ಕಡ್ಡಿಯಿಂದ ಆದವು. ಈ ಸೀಮೆಯ ಮದುವೆಗಳಲ್ಲಿ, ಅದು ಹಿಂದೂಗಳದಾಗಲಿ ನವಾಯತ ಮುಸ್ಲಿಮರದಾಗಲಿ, ಮಲ್ಲಿಗೆಯಿಲ್ಲದೆ ಮದುಮಗಳು ಹೊರಡುವುದಿಲ್ಲ. ಸೂರ್ಯ ಏರುವ ಮೊದಲೇ ಮೊಗ್ಗು ಬಿಡಿಸಿ, ಬಾಳೆನಾರಿನಲ್ಲಿ ಕಟ್ಟಿ, ಭಟ್ಕಳದ ಪೇಟೆಗೆ ಕಳಿಸುವುದು ಗಂಗಿಯ ದಿನದ ಮೊದಲ ಕೆಲಸ.

ಧನ್ಯಾ ಗೇರುಸೊಪ್ಪದವಳು. ಮದುವೆಯಾಗಿ ಬಂದು ವರ್ಷವಾಗಿತ್ತು. ಭಟ್ಕಳದ ಒಂದು ಲ್ಯಾಬಿನಲ್ಲಿ ರಕ್ತ ಪರೀಕ್ಷೆಯ ಕೆಲಸ. ಅತ್ತೆ ಸೊಸೆಗೆ ಚೆನ್ನಾಗಿಯೇ ಹೊಂದಿಕೆಯಿತ್ತು. ಒಂದೇ ತಟ್ಟೆಯಲ್ಲಿ ಹುರಿದ ಬಂಗಡೆ ಹಂಚಿಕೊಳ್ಳುವಷ್ಟು. ಆದರೆ ಮಲ್ಲಿಗೆಯ ವಿಷಯ ಬಂದರೆ ಗಂಗಿ ಬೇರೆಯೇ ಮನುಷ್ಯಳಾಗಿಬಿಡುತ್ತಿದ್ದಳು. ಧನ್ಯಾ ಮೊಗ್ಗು ಬಿಡಿಸಲು ಹೋದರೆ, "ನಿಂಗೆ ಬೇಡ ಮಗಾ, ನಿಂದು ಸೂಜಿ ಚುಚ್ಚೂ ಕೈ, ಮೊಗ್ಗು ಹೆದ್ರುತದೆ" ಎಂದು ನಗುತ್ತ ಬುಟ್ಟಿ ಕಸಿದುಕೊಳ್ಳುತ್ತಿದ್ದಳು. ಧನ್ಯಾಳೂ ನಗುತ್ತಿದ್ದಳು. ಆದರೂ ಈ ಮನೆಯಲ್ಲಿ ಇನ್ನೂ ತನಗೆ ಬಾಗಿಲು ತೆರೆಯದ ಒಂದು ಕೋಣೆಯಿದೆ ಎಂದು ಅವಳಿಗೆ ಒಳಗೊಳಗೇ ಅನಿಸುತ್ತಿತ್ತು.

ಆ ದಿನ ಮಾತ್ರ ಕೈ ಯಾರದು ಎಂದು ನೋಡುವ ಹೊತ್ತಲ್ಲ. ಹಿತ್ತಲಿನ ನೀರು ಹೊರಹೋಗುವ ಕಾಲುವೆಗೆ ಎಲ್ಲಿಂದಲೋ ತೇಲಿಬಂದ ಸೋಗೆ, ಪ್ಲಾಸ್ಟಿಕ್ಕು, ಮುರಿದ ಕುರ್ಚಿಯೊಂದು ಸಿಕ್ಕಿಕೊಂಡಿತ್ತು. ಗಂಗಿ ಅದನ್ನು ಎಳೆದು ತೆಗೆದಳು. ಅವಳ ಒಡೆದ ಹಿಮ್ಮಡಿ ಆ ಕೆಸರಿನಲ್ಲಿ ಇಡೀ ದಿನ ನೆನೆಯಿತು. ಮಾವ ದುರ್ಗಪ್ಪ ಮತ್ತು ಗಂಡ ನರೇಶ ವಾಲಿದ ಸಂಪಿಗೆ ಮರವನ್ನು ಎತ್ತುವ ಕೆಲಸಕ್ಕೆ ಬಿದ್ದರು. ಬುಡದ ಒಂದು ಮಗ್ಗುಲಿನ ಬೇರು ಮೇಲೆದ್ದು ಆಕಾಶ ನೋಡುತ್ತಿತ್ತು. ನರೇಶ ಮೀನುಗಾರ, ಮಳೆಗಾಲದ ರಜೆಯಲ್ಲಿ ಬೋಟು ದಡದಲ್ಲಿದ್ದರಿಂದ ಬೋಟಿನ ಹಗ್ಗ ಮನೆಯಲ್ಲೇ ಇತ್ತು.

"ಮರಕ್ಕೆ ಹಾಗೇ ಹಗ್ಗ ಬಿಗಿದ್ರೆ ಸಿಪ್ಪೆ ಕುಯ್ದು ಹೋತದೆ," ಎಂದಳು ಧನ್ಯಾ. "ಗೋಣಿ ಸುತ್ತಿ ಕಟ್ಟಿ. ಬೇರಿಗೂ ಒದ್ದೆ ಗೋಣಿ ಮುಚ್ಚಿ, ಗಾಳಿಗೆ ಒಣಗ್ಬಾರ್ದು."

ನರೇಶ ತಿರುಗಿ ನೋಡಿದ. "ನಿಂಗೆ ಹ್ಯಾಂಗೆ ಗೊತ್ತು?"

"ಗೇರುಸೊಪ್ಪದಲ್ಲಿ ನಾವೂ ನೆರೆ ಕಂಡವ್ರೇ. ಅಮ್ಮ ಹೀಗೇ ಮಾಡೂದು."

ಮರ ಎದ್ದು ನಿಂತಿತು. ಪೂರ್ತಿ ನೆಟ್ಟಗಲ್ಲ, ಸೊಂಟ ನೋವಿದ್ದವರು ನಿಂತ ಹಾಗೆ. ಮೂರು ಕಡೆ ಗೂಟ ಹೊಡೆದು ಕಟ್ಟಿದರು. ಮುರಿದು ನೇತಾಡುತ್ತಿದ್ದ ಕೊಂಬೆಗಳನ್ನಷ್ಟೇ ನರೇಶ ಗರಗಸದಿಂದ ಕೊಯ್ದ.

ನೀರು ಇಳಿದದ್ದು ಮರುದಿನ ಸಂಜೆಗೆ. ಮಲ್ಲಿಗೆಯ ಎಲೆಗಳ ಮೇಲೆಲ್ಲ ಕೆಸರಿನ ಪದರ. ಅದು ಒಣಗಿ ಗಟ್ಟಿಯಾದರೆ ಎಲೆ ಉಸಿರಾಡುವುದಿಲ್ಲವೆಂದು ಅತ್ತೆ ಸೊಸೆ ಇಬ್ಬರೂ ಕೊಡ ಹಿಡಿದರು. ಬಾವಿಯ ನೀರೂ ಕದಡಿದ್ದರಿಂದ ಮಾಡಿನ ಅಂಚಿನಿಂದ ಬೀಳುವ ಮಳೆನೀರನ್ನೇ ಡ್ರಮ್ಮಿನಲ್ಲಿ ಹಿಡಿದು, ಗಿಡದಿಂದ ಗಿಡಕ್ಕೆ ಹೊತ್ತು, ಎಲೆ ಎಲೆಯನ್ನೂ ತೊಳೆದರು. ಹಳೇ ಗಿಡವನ್ನು ಗಂಗಿ ತಾನೇ ತೊಳೆದಳು. ಮಗುವಿನ ತಲೆಗೆ ನೀರು ಹೊಯ್ಯುವ ಹಾಗೆ, ಒಂದು ಕೈಯನ್ನು ಮೇಲೆ ಅಡ್ಡ ಹಿಡಿದು.

"ಬದುಕ್ತದಾ ಅತ್ತೆ?"

"ಎಂತ ಗೊತ್ತು ಮಗಾ. ಮೇಲೆ ಕಂಡದ್ದನ್ನ ತೊಳೆದ್ದು ಆತು. ಮಣ್ಣಿನಡಿಗೆ ಎಂತ ಆಗ್ಯದೆ ಅಂತ ಅದೇ ಹೇಳ್ಬೇಕು."

ಅದಾಗಿ ವಾರ ತುಂಬುವಷ್ಟರಲ್ಲಿ ಗಂಗಿಗೆ ಜ್ವರ ಬಂತು. ಮೈಕೈ ನೋವು, ಮೀನಖಂಡ ಹಿಡಿದುಕೊಂಡಿದೆ ಎನ್ನುತ್ತ ಕಷಾಯ ಕುಡಿದು ಮಲಗಿದಳು. ನೆರೆಯ ನೀರಿನಲ್ಲಿ ನಿಂತವರಿಗೆ ಜ್ವರ ಬರುವುದೇನು ಹೊಸದಲ್ಲ ಎಂದ ದುರ್ಗಪ್ಪ. ಧನ್ಯಾಳಿಗೆ ಸಮಾಧಾನವಾಗಲಿಲ್ಲ. ಬೆಳಿಗ್ಗೆ ಚಹಾ ಕೊಡುವಾಗ ಅತ್ತೆಯ ಕಣ್ಣಿನ ಬಿಳಿಭಾಗ ನೋಡಿದಳು. ಅರಿಶಿನ ಹಚ್ಚಿದ ಹಾಗಿತ್ತು. ಕೈಯಲ್ಲಿದ್ದ ಲೋಟವನ್ನು ಅಲ್ಲೇ ನೆಲದ ಮೇಲಿಟ್ಟು ನರೇಶನನ್ನು ಕೂಗಿದಳು.

"ರಿಕ್ಷಾ ಕರೀರಿ. ಈಗಲೇ. ಬಟ್ಟೆ ಬದಲಿಸೂಕೂ ಕೂರ್ಬೇಡಿ."

ಭಟ್ಕಳದ ಲ್ಯಾಬಿನಲ್ಲಿ ಅತ್ತೆಯ ರಕ್ತವನ್ನು ಅವಳೇ ತೆಗೆದಳು. ವರದಿಯನ್ನು ಅವಳೇ ಮೊದಲು ಓದಿದಳು. ನೆರೆನೀರಿನಿಂದ ಹತ್ತಿದ ಇಲಿಜ್ವರ, ಮೂತ್ರಪಿಂಡಕ್ಕೆ ಆಗಲೇ ಏಟು ಬಿದ್ದಿತ್ತು. ಡಾಕ್ಟರು ಅದೇ ಮಧ್ಯಾಹ್ನ ಉಡುಪಿಯ ಕಡೆಯ ದೊಡ್ಡ ಆಸ್ಪತ್ರೆಗೆ ಬರೆದುಕೊಟ್ಟರು. ನರೇಶ ತಾಯಿಯ ಜೊತೆ ಹೋದ. ಆಂಬುಲೆನ್ಸಿನ ಬಾಗಿಲು ಹಾಕುವ ಮೊದಲು ಗಂಗಿ ಸೊಸೆಯ ಕೈ ಹಿಡಿದು ಏನೋ ಹೇಳಲು ಹೋದಳು. ತುಟಿ ಒಣಗಿ ಮಾತು ಸರಿಯಾಗಿ ಬರಲಿಲ್ಲ. "ಗಿಡ" ಎಂಬುದೊಂದು ಮಾತ್ರ ಕೇಳಿಸಿತು.

ಮನೆಯಲ್ಲಿ ಉಳಿದವರು ದುರ್ಗಪ್ಪ ಮತ್ತು ಧನ್ಯಾ. ದುರ್ಗಪ್ಪ ಒಳ್ಳೆಯ ಮನುಷ್ಯ. ಕೈ ಸುಮ್ಮನೆ ಇದ್ದರೆ ಮನಸ್ಸು ಕೆಡುವ ಜಾತಿಯವನು. ಹೆಂಡತಿ ಆಸ್ಪತ್ರೆಯಲ್ಲಿದ್ದಾಳೆಂಬ ಗಾಬರಿಯಲ್ಲಿ ಗುದ್ದಲಿ ಹಿಡಿದು, ಅಂಗಳದಲ್ಲಿ ನಿಂತ ಹೂಳನ್ನೆಲ್ಲ ಕೆರೆದು ಮಲ್ಲಿಗೆ ಗಿಡಗಳ ಬುಡಕ್ಕೆ ಏರಿಸಿದ. "ಹೊಳೆ ತಂದ ಮಣ್ಣು ತಂಗಿ, ಬಂಗಾರ ಇದ್ದಂಗೆ. ಬುಡ ಗಟ್ಟಿಯಾತದೆ." ಧನ್ಯಾಳಿಗೆ ಅದು ಸರಿಯೆಂದು ಅನ್ನಿಸದಿದ್ದರೂ ಮಾವನ ಮುಖ ನೋಡಿ ಬೇಡವೆನ್ನಲು ಬಾಯಿ ಬರಲಿಲ್ಲ.

ಎಲೆಗಳು ಹಳದಿಯಾಗತೊಡಗಿದವು. ಅವಳಿಗೆ ಒಂದೇ ಯೋಚನೆ: ಅತ್ತೆ ಬರುವಷ್ಟರಲ್ಲಿ ಹಿತ್ತಲು ಹಸಿರಾಗಿರಬೇಕು. ಲ್ಯಾಬಿನಿಂದ ಬರುವಾಗ ಪೇಟೆಯ ಅಂಗಡಿಯಿಂದ ಗೊಬ್ಬರದ ಪೊಟ್ಟಣ ತಂದಳು. ಬೇಗ ಚಿಗುರುತ್ತದೆ ಎಂದು ಅಂಗಡಿಯವನು ಹೇಳಿದ್ದ. ಸೊರಗಿದ ಗಿಡಕ್ಕೆ ಹೆಚ್ಚು ಬೇಕಾದೀತು ಎಂದು ಪ್ರತಿ ಬುಡಕ್ಕೂ ಹಿಡಿ ತುಂಬ ಹಾಕಿದಳು. ಹಳೇ ಗಿಡಕ್ಕೆ ಎರಡು ಹಿಡಿ.

ಮೂರ್ನಾಲ್ಕು ದಿನದಲ್ಲಿ ಎಲೆಯ ಅಂಚು ಬೆಂಕಿ ತಾಗಿದ ಹಾಗೆ ಕಂದಾಯಿತು. ಆಮೇಲೆ ಉದುರಿತು. ಬೆಳಿಗ್ಗೆ ಗುಡಿಸಿದರೆ ಸಂಜೆಗೆ ಮತ್ತೆ ಅಷ್ಟೇ. ಹಳೇ ಗಿಡ ಪೊರಕೆಯ ಹಾಗೆ ಬರೀ ಕಡ್ಡಿಯಾಗಿ ನಿಂತಿತು. ನೆರೆಗೆ ಸಿಕ್ಕಿಯೂ ಉಳಿದದ್ದನ್ನು ತಾನು ಕೈಯಾರೆ ಕೊಂದೆನಲ್ಲ ಎಂದು ಧನ್ಯಾ ಬಾವಿಕಟ್ಟೆಯ ಮೇಲೆ ಕೂತು ಅತ್ತಳು. ದುರ್ಗಪ್ಪ ದೂರ ನಿಂತು ನೋಡಿ, ಒಳಗೆ ಹೋಗಿ ಅವಳಿಗೊಂದು ಲೋಟ ಚಹಾ ಮಾಡಿಕೊಂಡು ಬಂದ. ಸಕ್ಕರೆ ಹಾಕಲು ಮರೆತಿದ್ದ.

ಅದೇ ಸಂಜೆ ನರೇಶನ ಫೋನು. "ಅಮ್ಮ ಈಗ ಸಲ್ಪ ಮಾತಾಡ್ತದೆ. ಆದರೆ ಧನ್ಯಾ, ಎದ್ದ ಕೂಡ್ಲೇ ಕೇಳಿದ್ದು ಗಿಡದ ಸುದ್ದಿ. ನಾಳೆ ವಿಡಿಯೋದಲ್ಲಿ ತೋರಿಸು ಅಂತ ಹಟ. ಎಂತಾದ್ರೂ ಆಗಿದ್ರೂ ಹೇಳ್ಬೇಡ. ಡಾಕ್ಟ್ರು ಮನಸ್ಸಿಗೆ ತ್ರಾಸು ಕೊಡ್ಬೇಡಿ ಅಂದಿದಾರೆ."

"ಅತ್ತೆ ಹ್ಯಾಂಗಿದಾರೆ? ನಿಜ ಹೇಳಿ."

"ಪರವಾಗಿಲ್ಲ," ಎಂದ ನರೇಶ. ಅದನ್ನು ಹೇಳುವ ಮೊದಲು ಅವನು ಒಂದು ಉಸಿರು ತೆಗೆದುಕೊಂಡದ್ದು ಅವಳಿಗೆ ಕೇಳಿಸಿತು.

ತೋರಿಸುವುದೇನನ್ನು? ಬೆಳಗಾದ ಮೇಲೆ ಧನ್ಯಾ ರಸ್ತೆಯ ಮೇಲ್ಬದಿಯ ಮನೆಗೆ ಹೋದಳು. ಅದು ಮೈಮೂನಾ ಟೀಚರ ಮನೆ. ಉರ್ದು ಶಾಲೆಯಲ್ಲಿ ಕಲಿಸಿ ನಿವೃತ್ತರಾದವರು. ಎತ್ತರದ ಜಾಗವಾದ್ದರಿಂದ ನೆರೆ ಅಲ್ಲಿಗೆ ಹತ್ತಿರಲಿಲ್ಲ. ಹಸಿರು ಬಣ್ಣದ ಗೋಡೆಯ ಕೆಳಗೆ ಅವರ ಮಲ್ಲಿಗೆ ಗಿಡಗಳು ಮಳೆಯಲ್ಲಿ ತೊಳೆದು ಮಿರುಗುತ್ತಿದ್ದವು. ಅವೂ ಗಂಗಿ ಕೊಟ್ಟ ಕಡ್ಡಿಯವೇ.

ಧನ್ಯಾ ಹೇಳಿದ್ದನ್ನೆಲ್ಲ ಕೇಳಿ ಟೀಚರು ಕನ್ನಡಕ ತೆಗೆದು ಒರೆಸಿದರು.

"ಅಂದ್ರೆ, ಸುಳ್ಳು ಹೇಳೂಕೆ ನನ್ನ ಗಿಡ ಬೇಕು ನಿಂಗೆ."

"ಹೌದು ಟೀಚರೇ."

"ಮೂವತ್ತು ವರ್ಷ ಮಕ್ಕಳಿಗೆ ಸುಳ್ಳು ಹೇಳ್ಬೇಡಿ ಅಂತ ಬೆತ್ತ ಹಿಡಿದವಳು ನಾನು." ಕನ್ನಡಕ ಹಾಕಿಕೊಂಡು ಎದ್ದರು. "ಬಾ. ಗೋಡೆ ಕಾಣದ ಹಾಗೆ ಹಿಡಿ ಮೊಬೈಲು. ಗಂಗಿಯ ಕಣ್ಣು ಹದ್ದಿನ ಕಣ್ಣು."

ಹಾಗೆ ಸುರುವಾಯಿತು. ಲ್ಯಾಬಿಗೆ ಹೊರಡುವ ಮೊದಲು ಧನ್ಯಾ ಟೀಚರ ಅಂಗಳಕ್ಕೆ ಹೋಗಿ ವಿಡಿಯೋ ಕರೆ ಮಾಡುತ್ತಿದ್ದಳು. ಅತ್ತ ಕಡೆ ಗಂಗಿಯ ಮುಖ, ಕೃಶವಾದದ್ದು, ಕುತ್ತಿಗೆಯವರೆಗೂ ಶಾಲು ಹೊದ್ದದ್ದು. "ಇದು ಗೋಡೆ ಮಗ್ಗುಲದ್ದಾ?" "ಹೌದು ಅತ್ತೆ." "ಮೊಗ್ಗು ಅದೆ ಅಲ್ವಾ?" "ಅದೆ, ಕಾಣಿ." ಒಂದು ದಿನ ಮಳೆ ಬಂತೆಂದು ಟೀಚರು ಕೊಡೆ ಹಿಡಿದು ಹಿಂದೆ ನಿಂತಿದ್ದರು, ಕೆಮ್ಮು ಬಂದು ತಡೆದುಕೊಳ್ಳಲಾಗದೆ ಒಳಗೆ ಓಡಿದರು. ಗಂಗಿ ಹಳೇ ಗಿಡವನ್ನು ತೋರಿಸು ಎಂದು ಒಂದು ದಿನವೂ ಕೇಳಲಿಲ್ಲ. ಅದೇ ಪುಣ್ಯವೆಂದುಕೊಂಡಳು ಧನ್ಯಾ. ಆದರೆ ಇಷ್ಟು ಸೆಕೆಯ ವಾರ್ಡಿನಲ್ಲಿ ಅತ್ತೆ ಯಾಕೆ ಯಾವಾಗಲೂ ಶಾಲು ಹೊದ್ದಿರುತ್ತಾಳೆ ಎಂಬ ಪ್ರಶ್ನೆ ಅವಳ ತಲೆಯಲ್ಲಿ ಹುಳದ ಹಾಗೆ ಕೊರೆಯುತ್ತಿತ್ತು.

ಗಂಗಿ ಮನೆಗೆ ಬಂದದ್ದು ಚೌತಿ ಹತ್ತಿರ ಬಂದಾಗ. ಕಾರಿನಿಂದ ಇಳಿದವಳು ನರೇಶನ ಹೆಗಲು ಹಿಡಿದೇ ನಿಂತಳು. ಸೀರೆಯೊಳಗೆ ಅರ್ಧ ಮನುಷ್ಯಳೇ ಉಳಿದ ಹಾಗಿತ್ತು. ಧನ್ಯಾ ಒಳಗೆ ಹಾಸಿಗೆ ಸಿದ್ಧ ಮಾಡಿದ್ದಳು. ಅತ್ತೆ ಸ್ವಲ್ಪ ಸುಧಾರಿಸಿಕೊಂಡ ಮೇಲೆ ನಿಧಾನವಾಗಿ ಹೇಳೋಣವೆಂದಿದ್ದಳು. ಆದರೆ ಗಂಗಿ ಮನೆಯೊಳಗೆ ಕಾಲಿಡದೆ, ಗೋಡೆ ಹಿಡಿದುಕೊಂಡು, ನೇರ ಹಿತ್ತಲಿಗೆ ನಡೆದಳು. ಯಾರೂ ತಡೆಯಲಿಲ್ಲ.

ಅಲ್ಲಿ ಬೋಳು ಕಡ್ಡಿಗಳ ಸಾಲು. ಬುಡಕ್ಕೆಲ್ಲ ಒಣಗಿ ಬಿರಿದ ಹೂಳಿನ ಗುಡ್ಡೆ. ಗಂಗಿ ಬಹಳ ಹೊತ್ತು ನೋಡಿದಳು.

"ಅತ್ತೆ, ನಾನು..."

"ನಮ್ಮನೆ ಗೋಡೆಗೆ ಹಸ್ರು ಬಣ್ಣ ಯಾವಾಗ ಹೊಡ್ಸಿದ್ರಿ ಮಗಾ?" ಎಂದಳು ಗಂಗಿ, ತಿರುಗದೆ.

"ನಿಮಗೆ ಗೊತ್ತಿತ್ತಾ?"

"ಮೊದಲನೇ ದಿನವೇ. ಮೈಮೂನಾ ಕೆಮ್ಮಿದ್ದು ಬೇರೆ ಕೇಳ್ತು."

"ಮತ್ತೆ ಎಂತಕ್ಕೆ ಹೇಳ್ಲಿಲ್ಲ?"

"ನೀನು ದಿನಾ ಬೆಳಿಗ್ಗೆ ಎದ್ದು, ಬೇರೆಯವ್ರ ಅಂಗಳಕ್ಕೆ ಹೋಗಿ, ನಂಗೆ ಹೂ ತೋರಿಸ್ತಿದ್ದೆ. ಆ ವಾರ್ಡಿನಲ್ಲಿ ನಂಗೆ ಮತ್ತೆಂತ ಇತ್ತು ನೋಡೂಕೆ? ಯಾರ ಮನೇದಾದ್ರೆ ಎಂತ, ಕಣ್ಣಿಗೆ ತಂಪಾತಿತ್ತು."

ಗಂಗಿಯ ಹೆಗಲಿನ ಶಾಲು ಜಾರಿತ್ತು. ಕುತ್ತಿಗೆಯ ಬಲಮಗ್ಗುಲಿನಲ್ಲಿ ಬ್ಯಾಂಡೇಜು ತೆಗೆದ ಗುರುತು, ಇನ್ನೂ ಕೆಂಪಾಗಿದ್ದ ಸಣ್ಣ ಗಾಯ. ಧನ್ಯಾಳ ಕಣ್ಣು ಅಲ್ಲೇ ನಿಂತಿತು.

"ಅದೆಂತ ಅತ್ತೆ?"

"ಸೊಳ್ಳೆ ಕಚ್ಚಿದ್ದು."

"ನಾ ಲ್ಯಾಬಿನವಳು ಅತ್ತೆ. ಕುತ್ತಿಗೆಗೆ ನಳಿಗೆ ಹಾಕಿ ಡಯಾಲಿಸಿಸ್ ಮಾಡಿದ್ರಾ?"

ಗಂಗಿ ಮಗನ ಕಡೆ ನೋಡಿದಳು. ನರೇಶ ತಲೆ ತಗ್ಗಿಸಿದ. "ಅಮ್ಮನೇ ಹೇಳ್ಬೇಡ ಅಂತು," ಎಂದ. "ಇಲ್ಲಿ ನೀನು, ಅಪ್ಪ ಇಬ್ಬರೇ. ಕೇಳಿ ನೀವು ಊಟ ಬಿಡ್ತೀರಿ ಅಂತ." ಈಗ ಅದರ ಅಗತ್ಯವಿಲ್ಲ, ಮೂತ್ರಪಿಂಡ ಮತ್ತೆ ತನ್ನ ಕೆಲಸಕ್ಕೆ ಹೊಂದಿಕೊಂಡಿದೆ ಎಂದು ಡಾಕ್ಟರು ಹೇಳಿದ್ದನ್ನೂ ಸೇರಿಸಿದ. ಬಾಗಿಲಿನಲ್ಲಿ ನಿಂತಿದ್ದ ದುರ್ಗಪ್ಪ ಹೆಗಲ ಮೇಲಿನ ಟವೆಲಿನಿಂದ ಮುಖ ಮುಚ್ಚಿಕೊಂಡ.

ಧನ್ಯಾ ಆಗಲೇ ಗೊಬ್ಬರದ ಸಂಗತಿಯನ್ನೂ ಹೇಳಿಬಿಟ್ಟಳು. ನೆರೆಯಿಂದಲ್ಲ, ತನ್ನಿಂದ ಹೀಗಾಯಿತು. ಹಳೇ ಗಿಡಕ್ಕೆ ಎರಡು ಹಿಡಿ ಹಾಕಿದೆ ಎಂದಳು. ಗಂಗಿಯ ಮುಖ ಸಣ್ಣದಾಯಿತು. ಸುಳ್ಳನ್ನು ನಗುತ್ತ ನುಂಗಿದವಳಿಗೆ ಇದನ್ನು ನುಂಗುವುದು ಸುಲಭವಾಗಲಿಲ್ಲ. ಒಳಗೆ ಹೋಗಿ ಮಲಗಿದಳು. ರಾತ್ರಿಯ ಗಂಜಿಯನ್ನು ಧನ್ಯಾ ಕೊಟ್ಟಾಗ ತೆಗೆದುಕೊಂಡಳು, ಆದರೆ ಮುಖ ನೋಡಲಿಲ್ಲ.

ಬೆಳಿಗ್ಗೆ ಧನ್ಯಾ ಏಳುವಷ್ಟರಲ್ಲಿ ಗಂಗಿ ಹಿಂದಿನ ಜಗುಲಿಯಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಿದ್ದಳು.

"ಲ್ಯಾಬಿಗೆ ಇವತ್ತು ರಜೆ ಹಾಕು," ಎಂದಳು. ದನಿ ಇನ್ನೂ ಬಿಗಿಯಾಗಿತ್ತು. "ಬೂಟು ಹಾಕ್ಕೊ, ಕೈಗೆ ನಿನ್ನ ಆ ರಬ್ಬರ್ ಗ್ಲೋಸು ಹಾಕ್ಕೊ. ನಂಗೆ ಬಂದದ್ದು ನಿಂಗೆ ಬರೂದು ಬೇಡ."

ಧನ್ಯಾ ತಯಾರಾಗಿ ಬಂದಳು.

"ಮೊದಲು ಗೋಡೆ ಮಗ್ಗುಲ ಗಿಡಕ್ಕೆ ಹೋಗು. ಕಡ್ಡಿಯ ಸಿಪ್ಪೆ ಕತ್ತಿಯ ಮೊನೆಯಲ್ಲಿ ಸಲ್ಪೇ ಕೆರಿ. ತುದಿಯಿಂದ ಅಲ್ಲ, ನಡುವಿನಲ್ಲಿ. ಎಂತ ಕಾಣ್ತದೆ?"

"ಕಂದು. ಒಣಗಿದೆ ಅತ್ತೆ."

"ಕೆಳಗೆ ಬಾ."

"ಇಲ್ಲೂ ಕಂದು."

"ಇನ್ನೂ ಕೆಳಗೆ."

ಗೇಣಿನಷ್ಟು ಕೆಳಗೆ ಬಂದು ಕೆರೆದಾಗ ಸಿಪ್ಪೆಯಡಿ ಎಳೆ ಹಸಿರಿನ ಒದ್ದೆ ಗೆರೆಯೊಂದು ಕಂಡಿತು. ಧನ್ಯಾ ಕೂಗಿಬಿಟ್ಟಳು. "ಅತ್ತೆ, ಹಸ್ರು! ಜೀವ ಅದೆ!"

"ಹಾಂಗಾದ್ರೆ ಅದಕ್ಕಿಂತ ಮೇಲಿದ್ದದ್ದು ತೆಗಿ. ಈಗ ಗಡಬಡಿ ಬೇಡ. ಹಸಿರು ಇದ್ದಲ್ಲಿಗೆ ನಿಲ್ಸು, ಕತ್ತಿ ಚೂಪು ಇರ್ಲಿ."

ಆಮೇಲೆ ಬುಡ. ದುರ್ಗಪ್ಪ ಏರಿಸಿದ ಹೂಳನ್ನೆಲ್ಲ ಕೈಯಿಂದ ಬಿಡಿಸಿ ತೆಗೆಯಬೇಕಿತ್ತು. ಗುದ್ದಲಿ ತಾಗಿದರೆ ಮೇಲುಬೇರು ಕತ್ತರಿಸಿಹೋಗುತ್ತದೆ. ಹಳೆಯ ಮಣ್ಣಿನ ಮಟ್ಟ ಸಿಗುವವರೆಗೂ ಬಿಡಿಸಿದಾಗ ಕೊಳೆತ ವಾಸನೆ ಬಂತು. "ಉಸಿರು ಕಟ್ಟಿತ್ತು ಪಾಪ," ಎಂದಳು ಗಂಗಿ. ಪಕ್ಕದಲ್ಲಿ ನಿಂತಿದ್ದ ದುರ್ಗಪ್ಪ, "ಬಂಗಾರ ಅಂತ ಮಾಡಿದ್ದೆ ನಾನು," ಎಂದು ಗೊಣಗಿದ. "ಆ ಬಂಗಾರ ತೆಂಗಿನ ಮರದ ಹತ್ರ ಸುರೀರಿ ಹೋಯ್, ಅದಕ್ಕೆ ತಡಕೊಳ್ಳೂ ಶಕ್ತಿ ಅದೆ," ಎಂದಳು ಗಂಗಿ. ಅವನು ಬುಟ್ಟಿ ತುಂಬಿಸಿಕೊಂಡು ಹೊರಟ. ಕೆಲಸ ಸಿಕ್ಕಿದ್ದಕ್ಕೆ ಅವನ ಮುಖದಲ್ಲಿ ಕಳೆ ಬಂದಿತ್ತು.

ನಡುವಿನ ಸಾಲಿಗೂ ಗದ್ದೆಯಂಚಿನ ಸಾಲಿಗೂ ನಡುವೆ ನೀರು ಹರಿದುಹೋಗಲು ಹೊಸ ಕಾಲುವೆ ತೋಡಿದ್ದು ನರೇಶ. ಆಮೇಲೆ ಧನ್ಯಾ ಉಳಿದ ಗೊಬ್ಬರದ ಉಪ್ಪು ಇಳಿದುಹೋಗಲೆಂದು ಪ್ರತಿ ಬುಡಕ್ಕೂ ಸಿಹಿನೀರು ಹೊಯ್ದು, ಅದು ಇಂಗಿದ ಮೇಲೆ ಮತ್ತೆ ಹೊಯ್ದಳು. ಕಡೆಗೆ ಅವಳೇ ಕೇಳಿದಳು:

"ಇನ್ನೇನು ಹಾಕ್ಬೇಕು ಅತ್ತೆ?"

"ಎಂತ ಹಾಕೂದಿಲ್ಲ. ನಾನು ಆಸ್ಪತ್ರೆಯಲ್ಲಿ ಗಂಜಿ ನೀರು ಕುಡೀತಿದ್ದಾಗ ನೀ ಹೋಳಿಗೆ ತಂದ್ರೆ ನಾ ತಿಂತಿದ್ನಾ? ಹೊಸ ಬೇರು ಬಿಟ್ಟ ಮೇಲೆ ಅದಕ್ಕೇ ಹಸಿವಾತದೆ. ಆಗ ಕೊಡ್ವ."

ಹೇಳುತ್ತ ಹೇಳುತ್ತ ಅವಳ ದನಿಯ ಬಿಗಿ ಸಡಿಲಿತ್ತು. ಅದು ಅವಳಿಗೇ ಗೊತ್ತಾಯಿತೋ ಏನೋ, ಸೊಸೆಯ ಕೈಯನ್ನು ಹತ್ತಿರ ಎಳೆದುಕೊಂಡು ಗ್ಲೋಸು ಬಿಚ್ಚಿ ನೋಡಿದಳು. ಬೆರಳುಗಳೆಲ್ಲ ಬೆವರಿ ಸುಕ್ಕಾಗಿದ್ದವು.

"ಈ ಕೈ ಅವತ್ತೇ ನನ್ನ ರಕ್ತ ತೆಗೀದೇ ಇದ್ದಿದ್ರೆ ನಾ ಇವತ್ತು ಈ ಕುರ್ಚಿಯಲ್ಲಿ ಕೂತಿರ್ತಿರ್ಲಿಲ್ಲ ಅಂದ್ರು ಡಾಕ್ಟ್ರು," ಎಂದಳು. "ಗಿಡದ ವಿಷಯಕ್ಕೆ ನಂಗೆ ಸಿಟ್ಟು ಬಂತು. ಬಾರದೆ ಇರ್ತದಾ? ಅದು ಅದರ ಪಾಡಿಗೆ ಬಂತು, ಹೋತು. ನೀ ಮನಸ್ಸಿನಲ್ಲಿ ಇಟ್ಕಳ್ಬೇಡ."

ಧನ್ಯಾ ಅತ್ತೆಯ ಮೊಣಕಾಲಿಗೆ ಹಣೆ ಹಚ್ಚಿ ಕೂತುಬಿಟ್ಟಳು.

ಗೋಡೆ ಮಗ್ಗುಲಿನ ಗಿಡಗಳು ನವರಾತ್ರಿಯ ಹೊತ್ತಿಗೆ ಚಿಗುರಿದವು. ನಡುವಿನ ಸಾಲಿನಲ್ಲಿ ಕೆಲವು ಬದುಕಿದವು, ಕೆಲವು ಇಲ್ಲ. ಗದ್ದೆಯಂಚಿನ ಸಾಲು ಪೂರ್ತಿ ಹೋಯಿತು. ನೀರು ಹೆಚ್ಚು ಹೊತ್ತು ನಿಂತದ್ದು ಅಲ್ಲೇ. ಆ ಜಾಗಕ್ಕೆ ಇನ್ನು ಮಲ್ಲಿಗೆ ಬೇಡ, ನೀರು ಕುಡಿದು ಬೆಳೆಯುವ ಕೆಸುವೋ ಬಾಳೆಯೋ ಹಾಕುವ ಎಂದಳು ಗಂಗಿ. ಸಂಪಿಗೆಯ ತಲೆ ಒಣಗಿದರೂ ನಡುವಿನ ಕೊಂಬೆಗಳಲ್ಲಿ ಎಲೆ ಮೂಡಿತು. ಇನ್ನೂ ಒಂದು ಮಳೆಗಾಲ ಕಳೆಯುವವರೆಗೆ ಕಟ್ಟಿದ ಹಗ್ಗ ಬಿಚ್ಚಬಾರದೆಂದು ನರೇಶನಿಗೆ ತಾಕೀತಾಯಿತು.

ಹಳೇ ಗಿಡ ಮಾತ್ರ ಚಿಗುರಲಿಲ್ಲ. ಧನ್ಯಾ ದಿನವೂ ಹೋಗಿ ಕೆರೆದು ನೋಡುತ್ತಿದ್ದಳು. ದಿನದಿಂದ ದಿನಕ್ಕೆ ಕೆಳಗೆ, ಇನ್ನೂ ಕೆಳಗೆ. ಕಡೆಗೆ ಬುಡದಲ್ಲೂ ಕಂದು. ದೀಪಾವಳಿಯವರೆಗೆ ಕಾಯೋಣ ಎಂದು ಬೇಡಿಕೊಂಡವಳು ಅವಳೇ. ಬೇಡ ಎಂದವಳು ಗಂಗಿ.

"ಕೊಳೆತ ಬೇರು ಇಟ್ಕೊಂಡ್ರೆ ಪಕ್ಕದವಕ್ಕೂ ರೋಗ. ತೆಗಿ ಮಗಾ."

"ನನ್ನ ಕೈಲಾಗೂದಿಲ್ಲ ಅತ್ತೆ."

"ನಂಗೆ ಬಗ್ಗೂಕೆ ಆಗೂದಿಲ್ಲ. ಇಬ್ಬರೂ ಹಿಡಿಯುವ."

ಇಬ್ಬರೂ ಹಿಡಿದರು. ಅಷ್ಟು ದೊಡ್ಡ ಗಿಡ, ಎಳೆದರೆ ಹಗುರಾಗಿ ಬಂತು; ಹಿಡಿದಿಟ್ಟುಕೊಳ್ಳಲು ಕೆಳಗೆ ಬೇರೇ ಇರಲಿಲ್ಲ. ಧನ್ಯಾ ಅತ್ತಳು. ಗಂಗಿ ಅಳಲಿಲ್ಲ. ಗಿಡ ಎದ್ದ ಗುಂಡಿಯ ಮಣ್ಣನ್ನು ಕೈಯಲ್ಲಿ ಹಿಡಿದು ಹಿಸುಕಿ ನೋಡಿ, "ಇದು ಬಿಸಿಲಿಗೆ ಒಣಗ್ಲಿ. ಈಗಲೇ ಬೇರೆ ಹಾಕೂದು ಬೇಡ," ಎಂದಳು. ಸೆರಗಿಗೆ ಕೈ ಒರೆಸಿಕೊಂಡು ಒಳಗೆ ಹೋದಳು. ಆ ದಿನ ಮಧ್ಯಾಹ್ನ ಮಲಗಿದವಳು ಸಂಜೆ ದೀಪ ಹಚ್ಚುವವರೆಗೂ ಏಳಲಿಲ್ಲ. ಧನ್ಯಾಳೂ ಎಬ್ಬಿಸಲಿಲ್ಲ, ತಾನೇ ದೀಪ ಹಚ್ಚಿ, ಚಹಾ ಮಾಡಿ, ಹಾಸಿಗೆಯ ಪಕ್ಕಕ್ಕೆ ಒಯ್ದು ಕೂತಳು.

ಮುಂದಿನ ವರ್ಷದ ಮಳೆಗಾಲ ಇನ್ನೇನು ಮುಗಿಯಿತು ಎನ್ನುವಾಗ ಗಂಗಿಯ ತಂಗಿ ತಿಮ್ಮಿಯ ಫೋನು ಬಂತು. ಅವಳ ಮನೆ ಬೆಳಕೆಯಲ್ಲಿ, ಸಮುದ್ರದ ಮಗ್ಗುಲಿಗೆ. ಹಿಂದಿನ ದಿನದ ಬಿರುಗಾಳಿಗೆ ಅಲೆಗಳು ಒಡ್ಡು ದಾಟಿ ಹಿತ್ತಲಿಗೆ ಉಪ್ಪುನೀರು ನುಗ್ಗಿತ್ತು. ದಾಸವಾಳದ ಬೇಲಿ, ಎಳೆ ಪೇರಲೆ, ಹೊಸದಾಗಿ ಹಾಕಿದ ಮಲ್ಲಿಗೆ, ಎಲ್ಲ ಬಾಡಿ ಮಲಗಿವೆ ಎಂದು ತಿಮ್ಮಿ ಅಳುತ್ತಿದ್ದಳು. "ಅಕ್ಕಾ, ಎಂತ ಮಾಡೂದು ಹೇಳೇ. ಪೇಟೆಯಿಂದ ಗೊಬ್ಬರ ತರ್ಸಿ ಇಟ್ಟಿದ್ದೇನೆ."

ಗಂಗಿ ಅಂಗಳದಲ್ಲಿ ಮೊಗ್ಗು ಕಟ್ಟುತ್ತ ಕೂತಿದ್ದಳು. ಬಾಳೆನಾರಿನ ಎಳೆಯೊಂದು ಅವಳ ಹಲ್ಲಿನಲ್ಲಿತ್ತು. ಲ್ಯಾಬಿಗೆ ಹೊರಡಲು ಚಪ್ಪಲಿ ಮೆಟ್ಟುತ್ತಿದ್ದ ಧನ್ಯಾಳ ಕಡೆಗೆ ಫೋನು ಚಾಚಿದಳು.

"ನೀ ಹೇಳು."

"ನಾನಾ? ನಿಮ್ಮನ್ನ ಕೇಳ್ತಿರೂದು ಅತ್ತೆ."

"ನನ್ನ ಬಾಯಲ್ಲಿ ನಾರು ಅದೆ. ಹೇಳು ಮಾರಾಯ್ತಿ, ಅವಳು ಅಳ್ತಾ ಅದಾಳೆ."

ಧನ್ಯಾ ಫೋನು ಕಿವಿಗಿಟ್ಟು ಜಗುಲಿಯ ಮೇಲೆ ಕೂತಳು.

"ಚಿಕ್ಕತ್ತೆ, ನಾ ಧನ್ಯಾ. ಮೊದ್ಲು ಆ ಗೊಬ್ಬರದ ಚೀಲ ಕಟ್ಟಿ ಅಟ್ಟಕ್ಕೆ ಹಾಕಿ. ಕಾಲಿಗೆ ಬೂಟು ಹಾಕದೆ ನೀರಿಗೆ ಇಳೀಬೇಡಿ. ನಿಂತ ನೀರು ಹೋಗೂಕೆ ಒಂದು ದಾರಿ ಬಿಡ್ಸಿ, ಆಮೇಲೆ ಎಲೆಗೂ ಬುಡಕ್ಕೂ ಬಾವಿಯ ಸಿಹಿನೀರು ಹೊಯ್ಯಿ, ಉಪ್ಪು ಇಳಿದು ಹೋಗ್ಲಿ. ಬಾಡಿದೆ ಅಂತ ಯಾವುದನ್ನೂ ಕೀಳ್ಬೇಡಿ. ನಾವು ಆಯ್ತಾರ ಬತ್ತೇವೆ, ಅತ್ತೆ, ನಾನು ಇಬ್ಬರೂ. ಬಂದು ನೋಡಿ ಹೇಳ್ತೇವೆ ಯಾವುದು ಉಳಿತದೆ ಅಂತ."

ಆ ಕಡೆಯಿಂದ ತಿಮ್ಮಿ ಇನ್ನೂ ಏನೇನೋ ಕೇಳಿದಳು. ಧನ್ಯಾ ನಿಧಾನವಾಗಿ, ಒಂದೊಂದಕ್ಕೂ ಉತ್ತರ ಹೇಳಿದಳು. ಬಸ್ಸು ತಪ್ಪಿಹೋಯಿತು. ಗಂಗಿ ಕಟ್ಟುವ ಕೈಯನ್ನು ನಿಲ್ಲಿಸದೆ ಎಲ್ಲವನ್ನೂ ಕೇಳುತ್ತಿದ್ದಳು, ನಡುವೆ ಒಂದು ಸಲವೂ ಬಾಯಿ ಹಾಕಲಿಲ್ಲ.